ಬುಡದಿಂದ ಬರೆದ ಮರ

ಮಹಡಿಯ ಕೋಣೆ, ಗುರುವಾರ, ಸಂಜೆ

ಆನ್‌ಲೈನಿನಲ್ಲಿ ಕೂತು ಜಪಾನಿ ಅಕ್ಷರ ತಿದ್ದುತ್ತಿರುವ ಸಮಸ್ತ ವಿದ್ಯಾರ್ಥಿ ಮಹಾಶಯರೇ, ಮುಂದಿನ ಸಾಲಿನವರೇ, ಹಿಂದಿನ ಸಾಲಿನವರೇ, ಕ್ಯಾಮೆರಾ ಆರಿಸಿಕೊಂಡು ಚಹಾ ಕುಡಿಯುತ್ತಿರುವವರೇ, ಸ್ವಲ್ಪ ಇತ್ತ ಕಿವಿಗೊಡಿ. ನೀವು ಮನೆಪಾಠದ ಫೋಟೋ ಹಾಕುವ ಪುಟದಲ್ಲೇ ಈ ಕಾಗದದ ಫೋಟೋವನ್ನೂ ಹಾಕುತ್ತಿದ್ದೇನೆ. ಇದು ನಿಮ್ಮ ಟೀಚರಿಗೆ ಅವರ ಸ್ವಂತ ತಮ್ಮ ಬರೆದದ್ದು. ಫೋನ್ ಮಾಡಿದರೆ ಅವರು ಎತ್ತುವುದಿಲ್ಲ, ಮೆಸೇಜು ಹಾಕಿದರೆ ಓದುವುದಿಲ್ಲ. ಕೆಂಪು ಗೀಚಲು ಮಾತ್ರ ಈ ಪುಟಕ್ಕೆ ದಿನವೂ ತಪ್ಪದೆ ಬರುತ್ತಾರೆ. ಹಾಗಾಗಿ ನಮ್ಮಿಬ್ಬರ ಜಗಳ ನಿಮ್ಮೆಲ್ಲರ ಸಮಕ್ಷಮದಲ್ಲೇ ಆಗಲಿ.

ಪ್ರೀತಿಯ ಅಕ್ಕಾ,

‘ಪ್ರೀತಿಯ’ ಎಂದು ಬರೆದದ್ದು ರೂಢಿಗೆ. ಅದನ್ನೇ ಹಿಡಿದು ಮೆತ್ತಗಾಗಬೇಡ. ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ಕಡಿಮೆಯಾಯಿತೇ? ನಿನ್ನ ಕಣ್ಣಿನ ವಿಷಯ ಕೇಳುವುದಿಲ್ಲ. ಒಂದು ಗೆರೆ ಕೂದಲೆಳೆಯಷ್ಟು ವಾಲಿದ್ದನ್ನು ಅಷ್ಟು ದೂರದ ಊರಿನಲ್ಲಿ ಕೂತು ಕಾಣುವ ಕಣ್ಣಿಗೆ ಏನೂ ಆಗಿರಲಾರದು. ಇಲ್ಲಿ ನಾನು ಆರೋಗ್ಯ. ನಾಟಕದ ಕಂಪನಿ ಮುಚ್ಚಿದರೂ ಗಂಟಲು ಇನ್ನೂ ಬೀದಿಯ ಆ ತುದಿ ಮುಟ್ಟುತ್ತದೆ, ಎದುರು ಮನೆಯವರು ನನ್ನನ್ನು ಕಂಡರೆ ಕಿಟಕಿ ಹಾಕಿಕೊಳ್ಳುತ್ತಾರೆ. ಮನೆಯೊಳಗೆ ಮಾತ್ರ ಮಾತಿಲ್ಲ. ಅದಕ್ಕೆ ಕಾರಣ ನೀನು.

ನನ್ನ ಮಗಳು ಏಕೆ ನಿನ್ನ ತರಗತಿಗೆ ಸೇರಿದಳು ಎಂಬುದು ಈ ಸಭೆಗೆ ಗೊತ್ತಿಲ್ಲ, ಹೇಳಿಬಿಡುತ್ತೇನೆ. ಅವಳು ಬಡಗಿ. ನಮ್ಮ ಹಿಂದಿನ ಬೀದಿಯ ಶೆಡ್ಡಿನಲ್ಲಿ, ಮೊಳೆ ಹೊಡೆಯದೆ, ಅಂಟು ಹಾಕದೆ, ಮರಕ್ಕೆ ಮರ ಕಚ್ಚಿಸಿ ನಿಲ್ಲಿಸುವವಳು. ಅವಳ ಕೆಲಸದ ವಿಡಿಯೋ ನೋಡಿ ಜಪಾನಿನ ಒಬ್ಬ ಮುದುಕ ಮೇಸ್ತ್ರಿ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತೇನೆ ಬಾ ಎಂದಿದ್ದಾನೆ. ಅವನದು ಒಂದೇ ಷರತ್ತು. ಅವನ ಲಿಪಿಯಲ್ಲಿ, ಇವಳದೇ ಕೈಯಲ್ಲಿ, ಒಂದು ಪುಟ ಬರೆದು ಕಳಿಸಬೇಕು. ಕಂಪ್ಯೂಟರಿನಲ್ಲಿ ಒತ್ತಿದ ಅಕ್ಷರವನ್ನು ಆತ ಓದುವುದೇ ಇಲ್ಲವಂತೆ. ಉಳಿ ಹಿಡಿಯುವ ಕೈ ಎಂಥದ್ದೆಂದು ಪೆನ್ಸಿಲ್ಲಿನ ಗೆರೆಯಲ್ಲೇ ನೋಡಿಕೊಳ್ಳುತ್ತಾನಂತೆ. ನಿನಗೆ ತಕ್ಕ ಜೊತೆ. ಈ ತಿಂಗಳ ಕೊನೆಗೆ ಆ ಪುಟ ಕೈಸೇರದಿದ್ದರೆ ಜಾಗ ಇನ್ನೊಬ್ಬರಿಗೆ. ‘ಅತ್ತೆ ಇದ್ದಾರಲ್ಲಪ್ಪಾ, ಅವರೇ ಕಲಿಸ್ತಾರೆ’ ಎಂದಳು. ‘ಕಲಿಸ್ತಾಳೆ, ಮೊದಲು ಚರ್ಮ ಸುಲಿದು, ಆಮೇಲೆ’ ಎಂದು ಅಂದೇ ಎಚ್ಚರಿಸಿದ್ದೆ.

ಸುಲಿದೆ. ಚೌಕದ ಹಾಳೆ ತರಿಸಿದೆ, ತರಗತಿಯಲ್ಲಿ ಅತ್ತೆ ಎನ್ನಬಾರದು, ಟೀಚರ್ ಎನ್ನಬೇಕು ಎಂದೆ. ಅಕ್ಷರ ಕಲಿಸು ತಾಯೀ ಎಂದರೆ ವಾರಗಟ್ಟಲೆ ಬರೀ ಅಡ್ಡಗೆರೆ. ಇಡು, ಎಳೆ, ನಿಲ್ಲಿಸು. ಎಳೆದದ್ದು ಸಾಕಾಯಿತೆಂದರೆ ಉದ್ದಗೆರೆ. ಆಮೇಲೆ ಕೊನೆಯನ್ನು ಕೊಕ್ಕೆ ಮಾಡಿ ಎತ್ತುವುದು, ಕೊನೆಯನ್ನು ಮೆಲ್ಲಗೆ ಜಾರಿಬಿಡುವುದು. ದಿನವಿಡೀ ಮರ ಹೆರೆದು ಬಂದ ಹುಡುಗಿ ಊಟದ ತಟ್ಟೆ ಸರಿಸಿ ಅದೇ ಜಾಗದಲ್ಲಿ ಹಾಳೆ ಹರಡಿಕೊಳ್ಳುತ್ತಿದ್ದಳು. ‘ಯಾವಾಗಮ್ಮ ಅಕ್ಷರ?’ ಎಂದರೆ, ‘ಬರತ್ತಪ್ಪಾ, ಕೈ ಮೊದಲು ಬರಬೇಕಂತೆ’ ಎನ್ನುತ್ತಿದ್ದಳು. ಕೈ ಬಂದಿಲ್ಲದವಳು ತೊಟ್ಟಿಲು ಮಾಡಿ ಕೊಟ್ಟಳೇ? ಆ ತೊಟ್ಟಿಲಲ್ಲಿ ಇಲ್ಲಿನ ಶೆಡ್ಡಿನ ಮೇಸ್ತ್ರಿಯ ಮೊಮ್ಮಗು ಮಲಗಿಲ್ಲವೇ?

ಕೊನೆಗೂ ಒಂದು ಅಕ್ಷರ ಕೊಟ್ಟೆ, ಮರ ಎಂಬರ್ಥದ ಕಾಂಜಿ. ಅಡ್ಡ ಒಂದು, ಉದ್ದ ಒಂದು, ಆ ಕಡೆ ಈ ಕಡೆ ಇಳಿಯುವ ಎರಡು ಕೊಂಬೆ. ಪುಟ ತುಂಬ ಬರೆದಳು. ಪುಟ ತುಂಬ ಕೆಂಪು ಹಾಕಿ ವಾಪಸು ಕೊಟ್ಟೆ. ‘ಕಾಂಡದ ತುದಿಯಲ್ಲಿ ಕೊಕ್ಕೆ ಯಾಕೆ ಬಂತು? ನಾನು ಬರೆದುಕೊಟ್ಟ ಮಾದರಿ ನೋಡಿ ಬರೆ. ನಿಲ್ಲಿಸಲು ಕಲಿ.’ ಅವಳು ತುಟಿ ಕಚ್ಚಿಕೊಂಡು ಇನ್ನೊಂದು ಪುಟ ಬರೆದು, ಕಳಿಸುವ ಕೆಲಸ ನನಗೆ ಬಿಟ್ಟು ಶೆಡ್ಡಿಗೆ ಹೋದಳು. ಆ ಬೆಳಿಗ್ಗೆ ನನ್ನ ರಕ್ತ ಕುದಿಯಿತು. ಅವಳ ಹಾಳೆಯನ್ನು ಕ್ಲಿಪ್ಪಿನಿಂದ ಬಿಚ್ಚಿ ಪಕ್ಕಕ್ಕಿಟ್ಟೆ. ಹೊಸ ಹಾಳೆ ತೆಗೆದುಕೊಂಡೆ. ಬರೆದವನು ನಾನೇ. ಬಚ್ಚಿಡುವಂಥದ್ದೇನೂ ಇಲ್ಲ.

ಹೇಗೆ ಬರೆದೆ ಎಂದೂ ಹೇಳುತ್ತೇನೆ. ಕಂಪನಿಯ ಪರದೆಗೆ ಮರ ಬರೆಯುವಾಗ ಅಪ್ಪ ಹೇಳಿಕೊಟ್ಟದ್ದು ನಿನಗೂ ನೆನಪಿರಬೇಕು: ಮೊದಲು ಬುಡ, ಬುಡ ಕೂತ ಮೇಲೆ ಕಾಂಡ, ಕಾಂಡ ನಿಂತ ಮೇಲೆ ಕೊಂಬೆ, ಹೊರಗೆರೆ ಹಾಕಿ ಒಳಗೆ ತುಂಬು, ಹಿಂದಿನ ಬೆಂಚಿನವನಿಗೂ ಕಾಣಬೇಕು. ಹಾಗೇ ಬರೆದೆ. ಒಂದೊಂದು ಚೌಕದಲ್ಲಿ ಒಂದೊಂದು ಮರ, ಕಪ್ಪಗೆ, ದಪ್ಪಗೆ, ಗಾಳಿ ಬಂದರೆ ಎಲೆ ಉದುರಬೇಕು, ಹಾಗೆ. ಫೋಟೋ ತೆಗೆದು ಮಗಳ ಹೆಸರಲ್ಲಿ ಹಾಕಿ ಹೊಗಳಿಕೆಗೆ ಕಾದು ಕೂತೆ. ಬಂದದ್ದೇನು? ‘ಇದು ಬರವಣಿಗೆಯಲ್ಲ, ಪರದೆ. ಯಾರ ಕೈ ಎಂದು ಬಲ್ಲೆ. ಕೈ ಬಾಡಿಗೆಗೆ ತರುವವರಿಗೆ ಇಲ್ಲಿ ಜಾಗವಿಲ್ಲ. ನಾಳೆಯಿಂದ ಬರಬೇಡ.’ ಇಷ್ಟೂ ಎಲ್ಲರಿಗೂ ಕಾಣುವ ಹಾಗೆ. ಸಭಿಕರೇ, ನೀವೂ ಓದಿದ್ದೀರಿ.

ಮಗಳು ಶೆಡ್ಡಿನಿಂದ ಬಂದು ಫೋನ್ ನೋಡಿದಳು. ‘ಅಪ್ಪಾ, ಬರೆದಿದ್ದು ನೀವಾ?’ ‘ಹೌದು, ಹೇಗಿದೆ ನೋಡು.’ ‘ಚೆನ್ನಾಗಿದೆ. ಅದರ ಕೆಳಗೆ ನಾಯಕಿ ನಿಂತು ಅಳಬಹುದು.’ ಅಷ್ಟೇ. ಅಂದಿನಿಂದ ನನ್ನೊಡನೆ ಇರುವ ಮಾತೆಂದರೆ, ‘ಊಟ ಇದೆ.’ ನಿನ್ನ ಬಾಗಿಲು ತಟ್ಟಲು ಅವಳು ಒಪ್ಪುವುದಿಲ್ಲ. ‘ಕಳ್ಳಿ ಅಂದವರ ಹತ್ತಿರ ಹೋಗಿ ನಾನು ಕಳ್ಳಿ ಅಲ್ಲ ಅಂತ ಅಳಬೇಕಾ?’ ಎಂದು ಶೆಡ್ಡಿನ ಮೇಸ್ತ್ರಿಗೆ ಹೇಳಿದಳಂತೆ. ಸೊಕ್ಕು ನಿನ್ನದೇ, ಅಚ್ಚು ತೆಗೆದ ಹಾಗೆ.

ನೀನು ಮೊದಲಿನಿಂದಲೂ ಹೀಗೆ. ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತು, ನಾನು ಒಂದು ಮಾತು ಹೆಚ್ಚಿಗೆ ಹೇಳಿದರೆ, ‘ಅದು ಬರೆದಿಲ್ಲ’ ಎಂದು ಬುಸುಗುಡುತ್ತಿದ್ದವಳು. ಜನ ಚಪ್ಪಾಳೆ ತಟ್ಟುತ್ತಿದ್ದರೆ ನೀನು ಪುಟದ ಮೇಲೆ ಬೆರಳಿಟ್ಟು ನನ್ನನ್ನೇ ದುರುಗುಟ್ಟುತ್ತಿದ್ದೆ. ಅಂಥವಳಿಗೆ ಬೇಕಾದದ್ದು ಇಂಥದೇ ಲಿಪಿ. ಇದರಲ್ಲೂ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಹಿಡಿದು ಹೊಡೆಯಬಹುದಲ್ಲ.

ಇದರಲ್ಲಿ ಏನು ಮಹಾ ಇದೆ ನೋಡೇಬಿಡೋಣ ಎಂದು ಫೋನಿನಲ್ಲಿ ಪುಕ್ಕಟೆ ಪಾಠ ಹಾಕಿಕೊಂಡು ಕೂತೆ. ಬೆರಳಿನಿಂದ ಮರ ಬರೆದೆ, ಬುಡದಿಂದ. ಫೋನು ಗಡಗಡ ನಡುಗಿ ಗೆರೆ ಅಳಿಸಿಹಾಕಿತು. ಮತ್ತೆ ಬರೆದೆ, ಮತ್ತೆ ಅಳಿಸಿತು. ಬೈದೆ. ಅಡ್ಡಗೆರೆ ಮೊದಲು, ಕಾಂಡ ಮೇಲಿನಿಂದ ಕೆಳಕ್ಕೆ ಎಂದು ಅದು ಚುಕ್ಕಿ ಹಾಕಿ ತೋರಿಸಿತು. ಅದಕ್ಕೂ ನಿನ್ನದೇ ಬುದ್ಧಿ. ಫೋನು ಬಿಟ್ಟು ಚೌಕದ ಹಾಳೆಯ ಮೇಲೆ ಅದು ಹೇಳಿದ ಕ್ರಮದಲ್ಲೇ ಎಳೆದೆ. ಗೆರೆ ಚೌಕ ದಾಟಿ ಪಕ್ಕದವನ ಮನೆಗೆ ನುಗ್ಗುತ್ತದೆ, ನಿಲ್ಲಿಸಿದೆ ಎಂದುಕೊಂಡರೆ ಬಾಲ ಬೀಸಿರುತ್ತದೆ. ಹಠಕ್ಕೆ ಬಿದ್ದು ಒಂದು ವಾರ ಎಳೆದೆ. ಒಂದು ಗೆರೆಯೂ ನಿಲ್ಲಲಿಲ್ಲ.

ಆಗ ಮಗಳ ಹಾಳೆ ಎತ್ತಿ ನೋಡಿದೆ, ನಾನು ಪಕ್ಕಕ್ಕಿಟ್ಟಿದ್ದನ್ನು. ಮೇಲಿನ ಸಾಲಿನಲ್ಲಿ ಕಾಂಡಕ್ಕೆ ಇನ್ನೂ ಕೊಕ್ಕೆ. ಅಳಿಸಿ ಅಳಿಸಿ ಹಾಳೆ ಸವೆದಿದೆ. ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಪ್ರತಿ ಕಾಂಡವೂ ಉಳಿಯ ಪೆಟ್ಟು ಕೂತ ಹಾಗೆ ಕೂತಿದೆ, ಅಲ್ಲೇ, ಒಂದಿಷ್ಟೂ ಆಚೆಗಿಲ್ಲ. ನೀನು ನೋಡಬೇಕಾಗಿದ್ದ ಪುಟ ಅದು. ನನ್ನ ಪುಟ ನೋಡಿ ಅವಳನ್ನು ಹೊರಗೆ ಹಾಕಿದೆ. ಆ ಹಾಳೆಯ ಫೋಟೋವನ್ನೂ ಈ ಕಾಗದದ ಕೆಳಗೆ ಹಾಕಿದ್ದೇನೆ. ಭೂತಗನ್ನಡಿ ಇಟ್ಟು ನೋಡು. ಕೆಂಪು ಹಾಕುವ ಜಾಗ ಸಿಕ್ಕರೆ ಹಾಕು, ಅದು ಟೀಚರಿನ ಕೆಲಸ. ಕಳ್ಳತನದ ಹಣೆಪಟ್ಟಿ ಮಾತ್ರ ಕಿತ್ತು ತೆಗೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನೀನು ಹಿರಿಯಳು, ನಿನಗೂ ನಮಸ್ಕಾರ ಬರೆಯಬೇಕು. ಬರೆದಿದ್ದೇನೆ, ಕೈ ಮುಗಿದಿಲ್ಲ.

ಇಂತು, ಸಿಟ್ಟು ಇಳಿಯದ ನಿನ್ನ ತಮ್ಮ,
ನೀನೇ ಹೆಸರಿಟ್ಟ ಗುಡುಗಪ್ಪ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ನಾನು ಬರೆದು ಹೇಳಿದರೂ ನೀನು ನಂಬುವವಳಲ್ಲ. ಮಗಳ ಹೆಸರನ್ನು ನೀನು ತೆಗೆದುಹಾಕಿದ್ದರಿಂದ, ಇವತ್ತು ನನ್ನ ಹೆಸರಲ್ಲೇ ತರಗತಿಗೆ ಸೇರಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಪಾಠ ಶುರುವಾದಾಗ ಅವಳ ಕುರ್ಚಿಯಲ್ಲಿ ನಾನು ಕೂತಿರುತ್ತೇನೆ. ಕ್ಯಾಮೆರಾವನ್ನು ಹಾಳೆಯ ಮೇಲೆ ಬಗ್ಗಿಸಿ, ಎಲ್ಲರೂ ನೋಡುತ್ತಿರುವಾಗ ಮೊದಲು ನನ್ನ ಮರ ಬರೆಯುತ್ತೇನೆ, ಬುಡದಿಂದ. ಆಮೇಲೆ ನಿನ್ನ ಕ್ರಮದಲ್ಲಿ ಒಂದು ಅಡ್ಡಗೆರೆ ಎಳೆಯುತ್ತೇನೆ. ಅದು ನಿಲ್ಲುವುದಿಲ್ಲ. ನೀನು ನಗು, ಅವರೂ ನಗಲಿ. ನಕ್ಕು ಮುಗಿದ ಮೇಲೆ ನಾನು ಎದ್ದು ಹೋಗುತ್ತೇನೆ. ಕುರ್ಚಿ ಖಾಲಿ ಇರುತ್ತದೆ, ಪೆನ್ಸಿಲ್ ಹಾಳೆಯ ಮೇಲಿರುತ್ತದೆ, ಮಗಳನ್ನು ಬಾಗಿಲಲ್ಲಿ ನಿಲ್ಲಿಸಿರುತ್ತೇನೆ. ಹೆಸರು ಹಿಡಿದು ಕರೆಯಬೇಕಾದವಳು ನೀನು.