ಹಾಜರಿ ಪುಸ್ತಕದ ಇಪ್ಪತ್ತನೆಯ ಹೆಸರು

ಶಾಲಾ ತನಿಖೆಯ ಮೇಲಧಿಕಾರಿಗಳಾದ ಮಾನ್ಯರೇ,

ನಮ್ಮ ಶಾಲೆಯ ಐದನೇ ತರಗತಿಯನ್ನು ನೀವು ಕಳೆದ ಜುಲೈ ತಿಂಗಳಲ್ಲಿ ಮುಚ್ಚಿಸಿದಿರಿ. ನಿಯಮದ ಪ್ರಕಾರ ಇಪ್ಪತ್ತು ಮಕ್ಕಳು ಬೇಕು, ಇದ್ದದ್ದು ಹತ್ತೊಂಬತ್ತು. ಎರಡು ಸಾಲಿನ ಆದೇಶ, ಕೆಳಗೆ ನಿಮ್ಮ ರುಜು. ಆ ಬಗ್ಗೆ ನಾನು ನಿಮಗೆ ಮೂರು ಅರ್ಜಿ ಬರೆದೆ. ಒಂದಕ್ಕೂ ಉತ್ತರವಿಲ್ಲ. ಅರ್ಜಿ ಓದುವ ಅಭ್ಯಾಸ ತಮಗಿಲ್ಲದಿದ್ದರೂ ಬೆಳಗಿನ ಕಾಫಿಯ ಜೊತೆ ಪತ್ರಿಕೆ ಓದುವ ಅಭ್ಯಾಸವಾದರೂ ಇದ್ದೀತು ಎಂದು ಇದನ್ನು ಪತ್ರಿಕೆಗೇ ಕಳುಹಿಸುತ್ತಿದ್ದೇನೆ. ಮೇಲಿನವರ ಅಪ್ಪಣೆಯಿಲ್ಲದೆ ಟೀಚರ್ ಒಬ್ಬಳು ಪತ್ರಿಕೆಗೆ ಬರೆಯಬಾರದೆಂಬ ಇನ್ನೊಂದು ನಿಯಮವಿರುವುದು ನನಗೆ ಗೊತ್ತು. ಅದನ್ನು ಮುರಿಯುತ್ತಿದ್ದೇನೆಂದು ಇಲ್ಲಿಯೇ ಒಪ್ಪಿಕೊಂಡಿದ್ದೇನೆ, ತಮಗೆ ಹುಡುಕುವ ಶ್ರಮ ಬೇಡ.

ಕೆಮ್ಮಣ್ಣಿನ ಕಡೆಯ ಒಂದು ಇಗರ್ಜಿ ಶಾಲೆಯಲ್ಲಿ ನಾನು ಹದಿನೇಳು ವರ್ಷಗಳಿಂದ ಕಲಿಸುತ್ತಿದ್ದೇನೆ. ಉದ್ದನೆಯ ಒಂದು ಹಂಚಿನ ಕಟ್ಟಡ, ಮೂವರು ಟೀಚರುಗಳು, ಐದು ತರಗತಿಗಳು. ಮಕ್ಕಳಲ್ಲಿ ಅರ್ಧದಷ್ಟು ಕ್ರೈಸ್ತರು, ಉಳಿದವರು ಮೊಗವೀರರ, ಬಿಲ್ಲವರ, ಬ್ಯಾರಿಗಳ ಮಕ್ಕಳು. ಬೆಳಿಗ್ಗೆ ಕ್ರೈಸ್ತ ಮಕ್ಕಳು ಧರ್ಮೋಪದೇಶದ ಪಾಠಕ್ಕೆ ಕುಳಿತರೆ ಉಳಿದವರು ಬಸಳೆ ಚಪ್ಪರಕ್ಕೆ ನೀರು ಹಾಕುತ್ತಿದ್ದರು. ಹನ್ನೆರಡಕ್ಕೆ ಇಗರ್ಜಿಯ ಗಂಟೆ ಬಾರಿಸಿದೊಡನೆ ಎಲ್ಲರಿಗೂ ಗಂಜಿ. ಊರಿನ ಹೆಂಗಸರು ಸರದಿಯಲ್ಲಿ ಬಂದು ಬೇಯಿಸುತ್ತಿದ್ದರು, ಅಕ್ಕಿ ಇಗರ್ಜಿಯದು. ಶುಕ್ರವಾರ ಮಧ್ಯಾಹ್ನ ಹಾಡು, ಹೊಲಿಗೆ, ಕೋಲಾಟ. ಫೆಬ್ರವರಿಯಲ್ಲಿ ಶಾಲಾ ವಾರ್ಷಿಕೋತ್ಸವ. ತೆಂಗಿನ ಗರಿಯ ಚಪ್ಪರದ ಕೆಳಗೆ ಬೆಂಚುಗಳನ್ನು ಜೋಡಿಸಿ ರಂಗಸ್ಥಳ ಮಾಡಿ ಒಂದು ಕನ್ನಡ ನಾಟಕ ಆಡಿಸುತ್ತಿದ್ದೆವು. ಇದು ದೊಡ್ಡ ವಿದ್ಯಾಸಂಸ್ಥೆಯೇನೂ ಅಲ್ಲ. ಆದರೆ ಗಂಜಿಗೆ ಬಂದ ಮಗು ಅಕ್ಷರಕ್ಕೂ ಕುಳಿತುಕೊಳ್ಳುತ್ತಿತ್ತು.

೧೯೫೩ರ ಫೆಬ್ರವರಿಯ ನಾಟಕದಲ್ಲಿ ರಾಣಿಯಾದವಳು ಮೂರನೇ ತರಗತಿಯ ಮೋಹಿನಿ. ಸಖಿ ಆಂಜೆಲಾ. ಇಬ್ಬರೂ ಒಂದೇ ಬೆಂಚು, ಒಂದೇ ಬಳಪವನ್ನು ಮುರಿದು ಹಂಚಿಕೊಳ್ಳುವವರು. ಮೋಹಿನಿಯ ತಂದೆ ಕಿಟ್ಟ ಅಳಿವೆಯಲ್ಲಿ ದೋಣಿ ಮಗುಚಿ ತೀರಿಕೊಂಡು ಆಗ ಎರಡು ವರ್ಷ. ತಾಯಿ ರತ್ನಾವತಿ ಬುಟ್ಟಿಯಲ್ಲಿ ಮೀನು ಹೊತ್ತು ಆದಿ ಉಡುಪಿಯವರೆಗೆ ನಡೆದು ಮಾರುವವರು. ಅಂದು ಖಾಲಿ ಬುಟ್ಟಿಯನ್ನು ಅಂಗಳದ ಹೊರಗಿಟ್ಟು, ಮೀನಿನ ವಾಸನೆ ಬರುತ್ತದೆಂದು ಯಾರ ಹತ್ತಿರವೂ ಕುಳಿತುಕೊಳ್ಳದೆ, ಕೊನೆಯವರೆಗೂ ನಿಂತೇ ನಾಟಕ ನೋಡಿದರು. ಆಮೇಲೆ ನನ್ನನ್ನು ಕೇಳಿದರು: "ಬಾಯಮ್ಮ, ಅಷ್ಟು ಮಾತು ಅವಳು ಪುಸ್ತಕ ನೋಡದೆ ಹೇಳಿದ್ದಾ?"

"ಹೌದು ರತ್ನಾವತಿ, ನೋಡದೆಯೇ."

"ಹಾಗಾದ್ರೆ ಅವಳಿಗೆ ಟೀಚರ್ ಆಗ್ಲಿಕ್ಕೆ ಆದೀತಾ?"

ಆದೀತು ಎಂದೆ. ಅವರು ತುಳುವಿನಲ್ಲಿ ಕೇಳಿದರು, ನಾನು ತುಳುವಿನಲ್ಲೇ ಹೇಳಿದೆ. ತಮಗೆ ಅರ್ಥವಾಗಲೆಂದು ಇಲ್ಲಿ ಕನ್ನಡ ಮಾಡಿದ್ದೇನೆ, ಬಾಯಮ್ಮ ಎಂಬುದೊಂದನ್ನು ಬಿಟ್ಟು; ಕ್ರೈಸ್ತ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ.

ಅದೇ ವರ್ಷ ಜೂನ್ ತಿಂಗಳಲ್ಲಿ ನಮ್ಮನ್ನಾಳುವ ಮದರಾಸು ಸರಕಾರದಿಂದ ಆ ಹೊಸ ಯೋಜನೆ ಬಂತು. ಮಕ್ಕಳಿಗೆ ದಿನಕ್ಕೆ ಮೂರೇ ಗಂಟೆ ಶಾಲೆ. ಅರ್ಧ ಮಕ್ಕಳು ಬೆಳಿಗ್ಗೆ, ಅರ್ಧ ಮಕ್ಕಳು ಮಧ್ಯಾಹ್ನ. ಉಳಿದ ಹೊತ್ತಿನಲ್ಲಿ ಅವರು ಮನೆಯಲ್ಲಿ ತಂದೆಯ ಕಸುಬು ಕಲಿಯಬೇಕು, ಹೆಣ್ಣುಮಕ್ಕಳಾದರೆ ತಾಯಿಯ ಕೆಲಸ. ಎಷ್ಟು ಘನವಾದ ಯೋಚನೆ! ಆಂಜೆಲಾಳ ತಂದೆ ಲೂಯಿಸರು ಬೊಂಬಾಯಿಯ ಹೋಟೆಲಿನಲ್ಲಿ ಅಡುಗೆಯವರು, ವರ್ಷಕ್ಕೊಮ್ಮೆ ಊರಿಗೆ ಬರುವವರು. ಅವರ ಗಂಡುಮಕ್ಕಳು ಹನ್ನೊಂದಕ್ಕೆ ಶಾಲೆ ಬಿಟ್ಟೊಡನೆ ಬೊಂಬಾಯಿಗೆ ಹೋಗಿ ಕಸುಬು ಕಲಿತು ಮರುದಿನ ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹಿಂದಿರುಗಬೇಕೇ ಎಂದು ನಿಮ್ಮ ಇನ್‌ಸ್ಪೆಕ್ಟರರನ್ನು ನಾನು ಕೇಳಿದೆ. ಅವರು ನಗಲಿಲ್ಲ. "ಸುತ್ತೋಲೆಯಲ್ಲಿ ಇದ್ದಂತೆ ಮಾಡಿ" ಎಂದರು. ಅದೇ ಸುತ್ತೋಲೆಯನ್ನು ಬರೆದ ಮಹನೀಯರ ಮಕ್ಕಳು ಯಾವ ಊರಿನಲ್ಲಿ ಅರ್ಧ ದಿನ ಓದಿ ಅರ್ಧ ದಿನ ಸುತ್ತೋಲೆ ಬರೆಯಲು ಕಲಿಯುತ್ತಿದ್ದರೋ ನನಗೆ ತಿಳಿಯದು.

ಗಂಟೆಗಳು ಬದಲಾದ್ದರಿಂದ ಗಂಜಿ ನಿಂತಿತು. ಬೆಳಗಿನವರು ಹನ್ನೆರಡಕ್ಕೆ ಮೊದಲೇ ಹೋಗುತ್ತಿದ್ದರು, ಮಧ್ಯಾಹ್ನದವರು ಒಂದಕ್ಕೆ ಬರುತ್ತಿದ್ದರು. ಶುಕ್ರವಾರದ ಹಾಡು ನಿಂತಿತು. ಎರಡೂ ಪಾಳಿಯ ಮಕ್ಕಳನ್ನು ಒಟ್ಟು ಸೇರಿಸುವಂತಿಲ್ಲವೆಂದು ಹೇಳಿದ್ದರಿಂದ ಆ ವರ್ಷ ವಾರ್ಷಿಕೋತ್ಸವವೂ ಇಲ್ಲ. ಆಂಜೆಲಾ ಬೆಳಗಿನ ಪಾಳಿಗೆ ಬಂದಳು, ಮೋಹಿನಿ ಮಧ್ಯಾಹ್ನದ ಪಾಳಿಗೆ. ಒಂದೇ ಬೆಂಚಿನ ಆ ಇಬ್ಬರು ಒಂದು ವರ್ಷ ಆ ಬೆಂಚಿನ ಮೇಲೆ ಒಟ್ಟಿಗೆ ಕುಳಿತುಕೊಳ್ಳಲಿಲ್ಲ.

ಮೋಹಿನಿ ಮಾತ್ರ ನಿಮ್ಮ ಯೋಜನೆಯನ್ನು ಅಕ್ಷರಶಃ ಪಾಲಿಸಿದಳು. ಮಳೆ ಬಿಟ್ಟು ದೋಣಿಗಳು ಕಡಲಿಗೆ ಇಳಿದ ಮೇಲೆ ಅವಳು ಬೆಳಿಗ್ಗೆ ತಾಯಿಯ ಹಿಂದೆ ಒಂದು ಚಿಕ್ಕ ಬುಟ್ಟಿ ಹೊತ್ತು ಹೊರಟಳು. ಹೋಗಿಬರಲು ಹತ್ತು ಮೈಲಿಗೂ ಹೆಚ್ಚು ದಾರಿ. ಒಂದಕ್ಕೆ ಶುರುವಾಗುವ ಪಾಠಕ್ಕೆ ಎರಡಕ್ಕೆ ಓಡಿಬರುತ್ತಿದ್ದಳು. ಬಾವಿಕಟ್ಟೆಯಲ್ಲಿ ನಾನೇ ನೀರು ಸೇದಿ ಅವಳ ಕೈಗೆ, ಕುತ್ತಿಗೆಗೆ ಹಾಕುತ್ತಿದ್ದೆ. ಭೂಗೋಳದ ಪಾಠದಲ್ಲಿ ತಲೆ ಡೆಸ್ಕಿನ ಮೇಲೆ ಹೋಗುತ್ತಿತ್ತು. ನಾನು ಎಬ್ಬಿಸುತ್ತಿರಲಿಲ್ಲ. ನವೆಂಬರಿನಲ್ಲಿ ಬರುವುದನ್ನೇ ಬಿಟ್ಟಳು.

ನಾನು ಅವರ ಮನೆಗೆ ಹೋದೆ. ರತ್ನಾವತಿ ಚಾಪೆ ಹಾಸಿದರು, ಬೆಲ್ಲ ನೀರು ಕೊಟ್ಟರು. ಮಗಳನ್ನು ಕಳುಹಿಸಿ ಎಂದಾಗ ಅವರು ಕೋಪದಿಂದಲ್ಲ, ತೀರ ಸಾವಧಾನವಾಗಿ ಹೇಳಿದರು:

"ಅರ್ಧ ದಿನ ಮನೆ ಕೆಲಸ ಕಲೀಲಿ ಅಂತ ಸರಕಾರವೇ ಹೇಳಿದ್ದಲ್ವಾ ಬಾಯಮ್ಮ? ಈಗ ಕಲ್ತಿದ್ದಾಳೆ. ನನಗಿಂತ ಲಾಯ್ಕ ಮಾರ್ತಾಳೆ, ಲೆಕ್ಕ ಬಾಯಲ್ಲೇ ಹೇಳ್ತಾಳೆ. ಕಲ್ತ ಮೇಲೆ ಮಾಡುದು ಬೇಡ ಅಂದ್ರೆ ಹೇಗೆ?"

ಮಾನ್ಯರೇ, ಆ ಲೆಕ್ಕವನ್ನು ಅವಳಿಗೆ ಕಲಿಸಿದವಳು ನಾನೇ.

ಕ್ರಿಸ್‌ಮಸ್ ಕಳೆದ ವಾರ ರತ್ನಾವತಿ ತುಂಬಿದ ಬುಟ್ಟಿಯೊಡನೆ ದೋಣಿ ನಿಲ್ಲುವ ಕಡವಿನ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಜಾಗ ತಪ್ಪಿತು. ಎಣ್ಣೆ ತಿಕ್ಕುವವರು ಬಂದರು, ಉಡುಪಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿದರು, ಕೋಲು ಹಿಡಿದು ಮನೆಗೆ ಬಂದರು. ಅಂದಿನಿಂದ ದೊಡ್ಡ ಬುಟ್ಟಿ ಮೋಹಿನಿಯ ತಲೆಗೆ ಬಂತು. ಅವಳಿಗೆ ಆಗ ಹತ್ತು ವರ್ಷ.

೧೯೫೪ರ ಮೇ ತಿಂಗಳಲ್ಲಿ ಯೋಜನೆ ರದ್ದಾಯಿತೆಂದು ಪತ್ರಿಕೆಯಲ್ಲಿ ಓದಿದೆ. ಹುಚ್ಚಿಯ ಹಾಗೆ ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಅವರ ಮನೆಗೆ ನಡೆದೆ. ಮೋಹಿನಿ ಆಗಷ್ಟೇ ಪೇಟೆಯಿಂದ ಬಂದು ಬುಟ್ಟಿ ತೊಳೆಯುತ್ತಿದ್ದಳು.

"ಇನ್ನು ಮೊದಲಿನ ಹಾಗೆ ಇಡೀ ದಿನ ಶಾಲೆ ಉಂಟು. ಜೂನಿಗೆ ಬಾ" ಎಂದೆ.

"ಗಂಜಿಯೂ ಉಂಟಾ ಟೀಚರ್?"

"ಉಂಟು."

"ಆಂಜೆಲಾ ನನ್ನ ಬೆಂಚಲ್ಲೇ ಕೂತ್ಕೊಳ್ತಾಳಾ?"

"ನಿನ್ನ ಬೆಂಚಲ್ಲೇ."

ಅವಳು ಬುಟ್ಟಿಯನ್ನು ಮಗುಚಿ ತಳ ತಿಕ್ಕಿದಳು. ಒಳಗಿನಿಂದ ತಾಯಿ ಕೆಮ್ಮಿದ್ದು ಕೇಳಿಸಿತು. "ನಾನು ಬಂದ್ರೆ ಮೀನು ಯಾರು ಕೊಂಡೋಗುದು ಟೀಚರ್?" ಎಂದಳು. ಮತ್ತೆ ತಲೆಯೆತ್ತದೆ ಕೇಳಿದಳು: "ನಾನು ನಾಲ್ಕನೇದು ಪಾಸಾ?"

ಪರೀಕ್ಷೆಗೇ ಬಾರದ ಮಗು. ನಾನು ಪಾಸು ಎಂದೆ.

ಹೇಳಿದ ಮೇಲೆ ಬರೆದೂ ಬಿಟ್ಟೆ. ಜೂನ್ ತಿಂಗಳಲ್ಲಿ ಐದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಹೆಸರುಗಳಾದ ಮೇಲೆ ಇಪ್ಪತ್ತನೆಯದಾಗಿ ಅವಳ ಹೆಸರು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಎರಡು ತಿಂಗಳಾದರೂ ಬಂದಾಳು ಎಂದುಕೊಂಡಿದ್ದೆ. ಅವಳು ಒಣಮೀನು ಮಾರಲು ಹೋದಳು. ನಾನು ದಿನವೂ ಅವಳ ಹೆಸರಿನ ಮುಂದೆ ಹಾಜರ್ ಎಂದು ಗುರುತು ಹಾಕಿದೆ. ಅವಳ ಮೇಲಿನ ಪ್ರೀತಿಯಿಂದ ಹಾಕಿದೆನೋ, ತರಗತಿ ಉಳಿಯಲಿ ಎಂದು ಹಾಕಿದೆನೋ ಎಂದು ಕೇಳುತ್ತೀರಾದರೆ, ಎರಡಕ್ಕೂ. ಯಾವುದು ಎಷ್ಟು ಎಂದು ನನಗೇ ತಿಳಿಯದು.

ಜುಲೈ ಒಂಬತ್ತರಂದು ನಿಮ್ಮ ಇನ್‌ಸ್ಪೆಕ್ಟರರು ಕೊಡೆಯಿಂದ ನೀರು ಸುರಿಸುತ್ತ ಬಂದು, ಹಾಜರಿ ಪುಸ್ತಕ ತೆಗೆದುಕೊಂಡು ತಾವೇ ಹೆಸರು ಕೂಗಿದರು. ಅಂದು ಹತ್ತೊಂಬತ್ತು ಮಕ್ಕಳೂ ಬಂದಿದ್ದರು, ಆ ಮಳೆಯಲ್ಲಿ. ಕೊನೆಗೆ "ಮೋಹಿನಿ" ಎಂದರು. ಎರಡನೆಯ ಸಲ ಕೂಗಿದಾಗ ಆಂಜೆಲಾ ಎದ್ದು ನಿಂತು "ಹಾಜರ್ ಸರ್" ಎಂದಳು.

"ನೀನು ಆಗಲೇ ಒಮ್ಮೆ ಹೇಳಿದ್ದಿಯಲ್ಲ. ನಿನ್ನ ಹೆಸರೆಂತ?"

ಅವಳು ನಿಂತೇ ಇದ್ದಳು. ನನ್ನ ಸುಳ್ಳನ್ನು ಕಾಪಾಡಲು ಹತ್ತು ವರ್ಷದ ಹುಡುಗಿ ನಿಂತಿದ್ದಾಳೆ, ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೇನೆ. ಕೊನೆಗೆ ನಾನೇ ಹೇಳಿದೆ: "ಕೂತ್ಕೋ ಆಂಜೆಲಾ. ಸರ್, ಆ ಹುಡುಗಿ ಬರುವುದಿಲ್ಲ. ತಪ್ಪು ನನ್ನದು." ಇನ್‌ಸ್ಪೆಕ್ಟರರು ಕೆಂಪು ಶಾಯಿಯಿಂದ ಹೆಸರಿನ ಮೇಲೆ ಗೆರೆ ಎಳೆದರು. ಅಡಿಯಲ್ಲಿ ೧೯ ಎಂದು ಬರೆದರು. ಅವರನ್ನು ನಾನು ದೂರುವುದಿಲ್ಲ. ಇದ್ದದ್ದನ್ನು ಬರೆದರು.

ಸಂಜೆ ಆಂಜೆಲಾ ನನ್ನ ಹತ್ತಿರ ಬಂದು, ಇವತ್ತು ಹೇಳಿದ ಸುಳ್ಳನ್ನು ಪಾಪ ಒಪ್ಪಿಕೊಳ್ಳುವ ಕುಮ್ಸಾರಿನಲ್ಲಿ ಪಾದ್ರಿಯವರಿಗೆ ಹೇಳಬೇಕಾ ಎಂದು ಕೇಳಿದಳು. ನಿನ್ನದು ನಾನೇ ಹೇಳುತ್ತೇನೆ, ನೀನು ಹೋಗು ಎಂದೆ. ನಮ್ಮ ಪಾದ್ರಿಯವರೇ ಶಾಲೆಯ ಮ್ಯಾನೇಜರು. ಹಾಜರಿ ಪುಸ್ತಕವನ್ನು ಅವರ ಮುಂದಿಟ್ಟು ನಡೆದದ್ದನ್ನು ಹೇಳಿದೆ. "ತಪ್ಪು ತಪ್ಪೇ ಕಾನ್ಸೆಪ್ಟಾ. ಆದರೆ ಪುಟದ ಕೆಳಗೆ ನನ್ನ ರುಜುವೂ ಉಂಟಲ್ಲ. ಅವಳು ಬರುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ ಅಂತ ತಿಳ್ಕೊಂಡಿದ್ದೀಯಾ?" ಎಂದರು.

ಆದೇಶ ಬಂದದ್ದು ಹನ್ನೆರಡು ದಿನಗಳಲ್ಲಿ. ನನ್ನ ಅರ್ಜಿಗಳು ಎರಡು ತಿಂಗಳಾದರೂ ತಲುಪದ ಮೇಜಿಗೆ ಈ ಸಂಖ್ಯೆ ಎಷ್ಟು ಬೇಗ ತಲುಪಿತು ನೋಡಿ. ಈಗ ನಿಮ್ಮನ್ನೇ ಕೇಳುತ್ತೇನೆ. ನಾಲ್ಕನೇ ತರಗತಿಯಲ್ಲಿ ೧೯೫೩ರ ಜೂನ್ ತಿಂಗಳಲ್ಲಿ ಮೂವತ್ತನಾಲ್ಕು ಮಕ್ಕಳಿದ್ದರು. ಒಂದು ವರ್ಷದಲ್ಲಿ ಹದಿನೈದು ಮಂದಿಯನ್ನು ಮನೆಗೆ ಕಳುಹಿಸಿದವರು ಯಾರು? ಮಕ್ಕಳನ್ನು ಹೊರಗೆ ಕಳುಹಿಸಿದ್ದೂ ಇಲಾಖೆ, ಮಕ್ಕಳು ಕಡಿಮೆಯೆಂದು ಬಾಗಿಲು ಹಾಕಿದ್ದೂ ಇಲಾಖೆ. ಯೋಜನೆ ತಪ್ಪಾಗಿತ್ತೆಂದು ಮದರಾಸಿನವರು ಹಿಂದಕ್ಕೆ ತೆಗೆದುಕೊಂಡರು. ಅವರಿಂದ ಯಾರಾದರೂ ವಿವರಣೆ ಕೇಳಿದರೇ? ನನ್ನಿಂದ ಕೇಳಿದ್ದೀರಿ, ಏಳು ದಿನಗಳ ಒಳಗೆ.

ಐದನೇ ತರಗತಿಯಿರುವ ಹತ್ತಿರದ ಶಾಲೆಗೆ ಕಡವು ದಾಟಿ ಮೂರು ಮೈಲಿ. ಹತ್ತೊಂಬತ್ತು ಮಕ್ಕಳಲ್ಲಿ ಅಲ್ಲಿಗೆ ಸೇರಿದವರು ಆರು, ಎಲ್ಲರೂ ಗಂಡುಮಕ್ಕಳು. ಆಂಜೆಲಾಳ ತಾಯಿ, ಮಳೆಗಾಲದ ಹೊಳೆಯಲ್ಲಿ ದೋಣಿ ಹತ್ತಿಸಿ ಹುಡುಗಿಯನ್ನು ಕಳುಹಿಸಲಾರೆ ಎಂದರು. ಆಕೆಗೂ ಮೋಹಿನಿಯ ತಂದೆ ಕಿಟ್ಟನ ಸಂಗತಿ ಗೊತ್ತುಂಟು, ನಾನು ಒತ್ತಾಯ ಮಾಡಲಿಲ್ಲ. ಆಂಜೆಲಾ ಈಗ ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡಿರುತ್ತಾಳೆ. ಮುಂದಿನ ವರ್ಷ ಬೊಂಬಾಯಿಯಲ್ಲಿ ಯಾರದೋ ಮನೆಯ ಮಗುವನ್ನು ನೋಡಿಕೊಳ್ಳಲು ಕಳುಹಿಸುವ ಮಾತು ನಡೆಯುತ್ತಿದೆ.

ಹೋದ ಶನಿವಾರ ಆದಿ ಉಡುಪಿಯಲ್ಲಿ ಮೋಹಿನಿ ಸಿಕ್ಕಿದಳು. ಬುಟ್ಟಿ ಕೆಳಗಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆ. ತರಗತಿ ಮುಚ್ಚಿದ ಸುದ್ದಿ ಅವಳ ಕಿವಿಗೆ ಬಿದ್ದಿದೆ.

"ಒಂದು ಹೆಸರು ಕಮ್ಮಿ ಆದದ್ದಂತೆ, ಹೌದಾ ಟೀಚರ್? ಅದು ನಂದಾ?"

ಪಾಸು ಎಂದು ಹೇಳಿದ ಬಾಯಿಗೆ ಈ ಸಲ ಸುಳ್ಳು ಬರಲಿಲ್ಲ. ನಾನು ಸುಮ್ಮನೆ ನಿಂತದ್ದನ್ನು ನೋಡಿ ಅವಳು ಉತ್ತರ ತಿಳಿದುಕೊಂಡಳು. ಬುಟ್ಟಿಯನ್ನು ತಲೆಗೆ ಎತ್ತಿಕೊಡಿ ಎಂದಳು. ಎತ್ತಿಕೊಟ್ಟೆ. ಅದರ ಭಾರ ನನ್ನ ಕೈಗಳಿಗೆ ಇನ್ನೂ ಗೊತ್ತಿದೆ.

ನನ್ನ ಬೇಡಿಕೆ ಇಷ್ಟು. ಬರುವ ಜೂನಿನಿಂದ ಆ ತರಗತಿಯನ್ನು ತೆರೆಯಿರಿ, ಹತ್ತೊಂಬತ್ತು ಇರಲಿ, ಒಂಬತ್ತೇ ಇರಲಿ. ಸುಳ್ಳು ಹಾಜರಿಗೆ ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ನಾನು ಮೇಲ್ಮನವಿ ಮಾಡುವುದಿಲ್ಲ. ಇದನ್ನು ನೀವು ಮಾಡುವಿರೆಂಬ ನಂಬಿಕೆ ನನಗಿಲ್ಲ. ಆದ್ದರಿಂದ ಇನ್ನೊಂದು ಕೇಳುತ್ತೇನೆ, ಅದಕ್ಕೆ ಮಂಜೂರಾತಿ ಬೇಡ: ತರಗತಿ ಮುಚ್ಚಿದ್ದು ಅವಳಿಂದಲ್ಲ ಎಂದು ಆ ಹುಡುಗಿಗೆ ಒಂದು ಕಾಗದ ಬರೆಯಿರಿ. ಸರಳವಾದ ಕನ್ನಡದಲ್ಲಿ ಬರೆಯಿರಿ. ಅವಳು ನಾಲ್ಕನೇ ತರಗತಿಯವರೆಗೆ ಓದಿದ್ದಾಳೆ.

ಇಂತಿ,
ಐದನೇ ತರಗತಿಯ ಬೀಗದ ಕೈ ಮಾತ್ರ ಉಳಿದಿರುವ ಉಪಾಧ್ಯಾಯಿನಿ,
ಕಾನ್ಸೆಪ್ಟಾ
ಕೆಮ್ಮಣ್ಣು, ಸೆಪ್ಟೆಂಬರ್ ೧೯೫೪