ಸೆನ್ಸರಿಗೆ ಹಚ್ಚಿದ ಬೂತಾಯಿ ಎಣ್ಣೆ

ಕೊಡೇರಿ
೧೯-೮-೨೦೨೫, ಮಂಗಳವಾರ

ಪ್ರೀತಿಯ ಜಿತೇಂದ್ರಣ್ಣನಿಗೆ ತಂಗಿ ಅಮಿತಾ ಮಾಡುವ ನಮಸ್ಕಾರ.

ಹುಷಾರಿದ್ದೀಯಾ? ಬಲೆ ಎಳೆದು ಸೀಳಿದ ಕೈ ಒಣಗಿತಾ? ಬೋಟಿನಲ್ಲಿ ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯಾ? ದಿವ್ಯಾ ಅತ್ತಿಗೆಗೆ ಜ್ವರ ಬಿಟ್ಟಿದೆ. ಅಮ್ಮ ದಿನಾ ಬಾಣಂತಿ ನೀರು ಹೊಯ್ಯುತ್ತಾರೆ. ಮಗು ಇಲ್ಲದ ಬಾಣಂತಿ. ಬಚ್ಚಲಿನಿಂದ ನೀರು ಬೀಳುವ ಸದ್ದು ಮಾತ್ರ ಕೇಳುತ್ತದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಬಂದರೂ ಅಪ್ಪಯ್ಯ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ನಾಳೆ ರತ್ನಾಗಿರಿಗೆ ಹೊರಡುವ ಪಕ್ಕದ ಮನೆಯ ರಾಜೇಂದ್ರಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಏಳನೇ ಕ್ಲಾಸಿನವಳ ಬರವಣಿಗೆ, ತಪ್ಪಿದ್ದರೆ ನಗಬೇಡ.

"ಚೌತಿಗ್ ಬತ್ತೆ, ಆ ಲೀಲಾಧರನ ಕೈ ಮುರ್ದೇ ಹೋಪುದ್" ಎಂದು ನೀನು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಲೀಲಾಧರಣ್ಣ ನಮಗೆ ಮೋಸ ಮಾಡಲಿಲ್ಲ ಅಣ್ಣ. ಮಳೆ ಹಿಡಿದ ಮೇಲೆ ನಮ್ಮ ಪಿಕಪ್‌ನ ಎಂಜಿನ್ ತೊಂದರೆ ತೋರಿಸುವ ಹಳದಿ ದೀಪ ಹೊತ್ತಿಕೊಂಡಾಗ ಬಸ್ರೂರಿನ ಅವರ ಗ್ಯಾರೇಜಿಗೇ ತಾನೆ ಒಯ್ದದ್ದು? ಕಂಪ್ಯೂಟರ್ ಹಾಕಿ ನೋಡಿ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರು. ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆ ನೋಡಿ, ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೆಂದು ತಿಳಿಸುವ ಸಾಮಾನಂತೆ ಅದು. ಕೆಲವು ದಿನ ಆರಿದ ದೀಪ ಮತ್ತೆ ಬಂತು. ವಯರ್ ಬದಲಿಸಿದರು, ಪೈಪಿನಲ್ಲಿ ತೂತಿದೆಯೇ ಎಂದು ಸಾಬೂನು ನೀರು ಹಾಕಿ ನೋಡಿದರು, ಇನ್ನೊಂದು ಸೆನ್ಸರ್ ತರಿಸಿದರು. ಮತ್ತೆ ಅದೇ. "ಹ್ವಾಯ್ ಗೋವರ್ಧನಣ್ಣ, ನಿಮ್ಮ್ ಸೆನ್ಸರಿಗೂ ಬೂತಾಯಿ ವಾಸ್ನಿ ಮಾರಾಯ್ರೆ, ಸಾರ್ ಮಾಡ್ಲಕ್ಕ್!" ಎಂದು ಅಪ್ಪಯ್ಯನಿಗೆ ತಮಾಷೆ ಮಾಡಿದ್ದರು. ಅಪ್ಪಯ್ಯನೂ ನಕ್ಕರು. ಮೀನಿನ ಗಾಡಿ, ಮೀನಿನ ವಾಸನೆ. ಯಾರೂ ಯೋಚಿಸಲಿಲ್ಲ.

ಅತ್ತಿಗೆಗೆ ನೋವು ಬಂದ ದಿನ ಬೈಂದೂರು ಕಡೆಯ ರಸ್ತೆಗೆ ಮರ ಬಿದ್ದು ಆಂಬುಲೆನ್ಸ್ ಬರಲು ಆಗಲಿಲ್ಲ. ಅಪ್ಪಯ್ಯನೇ ಪಿಕಪ್ ತೆಗೆದು ಕುಂದಾಪುರಕ್ಕೆ ಹೊರಟರು. ತ್ರಾಸಿ ದಾಟುವಾಗ ಎಂಜಿನ್ ಕೆಮ್ಮಿ ನಿಂತಿತು. ಕೀ ತಿರುಗಿಸಿದಷ್ಟೂ ಕಪ್ಪು ಹೊಗೆ. ಅತ್ತಿಗೆಯ ಉಗುರು ನನ್ನ ಕೈಯೊಳಗೆ ಇಳಿದಿತ್ತು. ಅಪ್ಪಯ್ಯ ಮಳೆಯಲ್ಲಿ ಇಳಿದು ಹೋಗುವ ಗಾಡಿಗಳಿಗೆಲ್ಲ ಕೈಮುಗಿಯುತ್ತಿದ್ದರು. ಕೊನೆಗೊಂದು ಕಾರು ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗುವಿನ ಎದೆಬಡಿತ ನಿಂತಿತ್ತು. ಸ್ವಲ್ಪ ಮೊದಲೇ ಬಂದಿದ್ದರೆ ಎಂದು ಡಾಕ್ಟರು ಹೇಳಿದ್ದು ಅಪ್ಪಯ್ಯನ ಕಿವಿಗೂ ಬಿತ್ತು.

ಆಮೇಲೆ ಲೀಲಾಧರಣ್ಣ ಗಾಡಿ ಎಳೆಸಿಕೊಂಡು ಹೋಗಿ, ಸೆನ್ಸರಿನ ವಯರ್ ಕೂಡುವ ಜಾಗ ಬಿಚ್ಚಿದರು. ಒಳಗೆಲ್ಲ ಎಣ್ಣೆ. ಸೆನ್ಸರ್ ಹೊರಗಿನ ಗಾಳಿ ಎಳೆದುಕೊಳ್ಳುವುದು ಅಲ್ಲಿಂದಲೇ ಅಂತೆ, ಎಣ್ಣೆ ಕಟ್ಟಿದರೆ ಅದಕ್ಕೆ ಏನೂ ತಿಳಿಯದೆ, ಪೆಟ್ರೋಲ್ ಹೆಚ್ಚಾಗಿ ಎಂಜಿನ್ ನಿಲ್ಲುತ್ತದಂತೆ. ಇದ್ಯಾರು ಹಚ್ಚಿದ್ದು ಎಂದು, ಅಪ್ಪಯ್ಯನ ಜೊತೆ ಗ್ಯಾರೇಜಿಗೆ ಹೋಗಿದ್ದ ನನ್ನನ್ನು ಕೇಳಿದರು. ಮಳೆಗಾಲಕ್ಕೆ ಮೊದಲು ದೋಣಿಗೆ ಬೂತಾಯಿ ಎಣ್ಣೆ ಬಳಿಯುವ ಹಾಗೆ ಅಪ್ಪಯ್ಯ ಗಾಡಿಯಡಿಗೂ ಬಳಿಯುತ್ತಾರಲ್ಲ. ಹೊಸ ಸೆನ್ಸರ್ ಹಾಕಿಸಿ ತಂದಾಗಲೆಲ್ಲ ಬ್ರಶ್ ಹಿಡಿದು ಕೆಳಗೆ ಮಲಗಿ, ಆ ಜಾಗಕ್ಕೇ ಹೆಚ್ಚು ಬಿಡುತ್ತಿದ್ದರು. "ಉಪ್ಪ್ ನೀರ್ ಒಳ್ಗ್ ಹೋಪುಕಾಗ ಹೆಣೆ. ಜಿತು ಬಪ್ಪತಿಗೆ ಗಾಡಿ ಹೊಸ್ತಾಯ್ಕಂಡ್ ಇರ್ಕ್."

ನಾನು ಹೇಳಿ ಮುಗಿಸುವಾಗ ಹೊರಗಿದ್ದ ಅಪ್ಪಯ್ಯ ಒಳಗೆ ಬಂದರು. ಲೀಲಾಧರಣ್ಣ ಎಣ್ಣೆಯನ್ನು ಅಂಗಿಗೇ ಒರೆಸಿಕೊಂಡು, "ಸೆನ್ಸರೇ ಡೂಪ್ಲಿಕೇಟ್ ಬಂದದ್ದ್ ಗೋವರ್ಧನಣ್ಣ. ನಂದೇ ತಪ್ಪ್" ಎಂದರು. ಅಪ್ಪಯ್ಯ ಅವರ ಮುಖಕ್ಕೆ ಉಗಿದರು. ಬಂದರಿನಲ್ಲೆಲ್ಲ ಸಾರಿದರು. ಈಗ ನಮ್ಮೂರಿನ ಒಂದು ಗಾಡಿಯೂ ಬಸ್ರೂರಿಗೆ ಹೋಗುವುದಿಲ್ಲ. ನೀನು ಬಂದಾಗ ಅವರ ಗ್ಯಾರೇಜಿಗೆ ಹೋಗು, ಆದರೆ ಕೈ ಎತ್ತಬೇಡ. ಅಪ್ಪಯ್ಯನಿಗೆ ಮಾತ್ರ ಹೇಳಬೇಡ. ಆ ಸಿಟ್ಟಿನಲ್ಲೇ ಅವರು ಎದ್ದು ಓಡಾಡುತ್ತಿರುವುದು.

ಅಮ್ಮನ ಆಶೀರ್ವಾದ ನಿನ್ನ ಮೇಲಿದೆ. ಕಡಲು ಎದ್ದ ದಿನ ಬೋಟು ಹತ್ತಬೇಡ ಎಂದು ಹೇಳಲು ಹೇಳಿದ್ದಾರೆ.

ನಿನ್ನ ತಂಗಿ,
ಅಮಿತಾ

ಇನ್ನೊಂದು: ಮಡಚಿದ ಪತ್ರ ಮತ್ತೆ ಬಿಚ್ಚಿದೆ. ಅಪ್ಪಯ್ಯ ಬೇರೆ ಗ್ಯಾರೇಜಿನಲ್ಲಿ ಹೊಸ ಸೆನ್ಸರ್ ಹಾಕಿಸಿ ಗಾಡಿ ತಂದಿದ್ದಾರೆ. ಈಗ ಎಣ್ಣೆ ಡಬ್ಬಿ ಹಿಡಿದು ಅದರಡಿಯಲ್ಲಿ ಮಲಗಿದ್ದಾರೆ. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಅವರಿಗೂ ಗೊತ್ತಾಗಿದೆ, ನಾನು ಹೇಳಿದ್ದಲ್ಲ. ಇದು ಕೈಗೆ ಸಿಕ್ಕಿದ ಕೂಡಲೇ ಫೋನ್ ಮಾಡಿ ಗಾಡಿ ಮಾರಿಬಿಡಿ ಎನ್ನು. ಕಾರಣ ಕೇಳಿದರೆ, ಅದನ್ನು ನೋಡುವ ಮನಸ್ಸಿಲ್ಲ ಎನ್ನು. ಅದೇನೂ ಸುಳ್ಳಲ್ಲವಲ್ಲ.