ಮೂವತ್ತೊಂದು ತಟ್ಟೆಗಳ ಊಟ ಮತ್ತು ತಪ್ಪಿಹೋದ ಅಕ್ಕಿ

ಮಾನ್ಯ ಆಹಾರ ನೆರವು ಮುಖ್ಯಾಧಿಕಾರಿಗಳೇ,

ನಮ್ಮ ದ್ವೀಪದವರು ಕದ್ದ ಐವತ್ತು ಚೀಲ ಅಕ್ಕಿಯ ಬಗ್ಗೆ ತಾವು ಕಳಿಸಿದ ನೋಟಿಸು ತಲುಪಿದೆ. ‘ಕದ್ದ’ ಎಂದು ತಾವು ಬರೆದಿಲ್ಲ, ನಿಜ. ‘ಅನರ್ಹ ಪ್ರದೇಶಕ್ಕೆ ನೆರವಿನ ಅಕ್ರಮ ವರ್ಗಾವಣೆ’ ಎಂದು ಬರೆದಿದ್ದೀರಿ. ಇಪ್ಪತ್ತೆರಡು ವರ್ಷ ದ್ವೀಪ ಪರಿಷತ್ತಿನಲ್ಲಿ ಗುಮಾಸ್ತಿಕೆ ಮಾಡಿದವನಿಗೆ ಇಷ್ಟು ಮರ್ಯಾದೆಯ ಬೈಗುಳ ಅರ್ಥವಾಗದೇ ಇರುತ್ತದೆಯೇ? ಆ ಅಕ್ಕಿಯನ್ನು ಮೂವತ್ತು ದಿನಗಳೊಳಗೆ ಹಿಂದಿರುಗಿಸದಿದ್ದರೆ, ಅದನ್ನು ನಮಗೆ ಕೊಟ್ಟ ಉತ್ತರದ ದ್ವೀಪದವರನ್ನೂ ಮುಂದಿನ ಹಡಗಿನ ಪಟ್ಟಿಯಿಂದ ತೆಗೆದುಹಾಕುವುದಾಗಿ ತಿಳಿಸಿದ್ದೀರಿ. ನಮ್ಮನ್ನು ತೆಗೆಯುವ ಶ್ರಮ ತಮಗಿಲ್ಲ, ನಾವು ಆ ಪಟ್ಟಿಯಲ್ಲಿ ಮೊದಲಿನಿಂದಲೂ ಇಲ್ಲ. ಯಾಕೆ ಇಲ್ಲ ಎಂಬುದನ್ನು ಇಡೀ ಕಿರಿಬಾಸ್ ದೇಶ ಓದಲಿ ಎಂದು ಈ ಉತ್ತರವನ್ನು ತಮಗಿಂತ ಮೊದಲು ಪತ್ರಿಕೆಗೆ ಕಳಿಸಿದ್ದೇನೆ.

ಫೆಬ್ರವರಿ ಹುಣ್ಣಿಮೆಯ ಬೆಳಿಗ್ಗೆ ಸಮುದ್ರ ನಮ್ಮ ಊರೊಳಗೆ ನಡೆದುಬಂತು. ಯಾರನ್ನೂ ಕೊಲ್ಲಲಿಲ್ಲ, ಮನೆಗಳನ್ನೂ ಕೆಡವಲಿಲ್ಲ. ಹಾಗಾಗಿ ಅದು ಸುದ್ದಿಯಾಗಲಿಲ್ಲ. ಅದು ಬಾಬಾಯ್ ಗುಂಡಿಗಳಿಗೆ ಇಳಿದು, ಎರಡು ದಿನ ಅಲ್ಲೇ ಕೂತು, ಎದ್ದು ಹೋಯಿತು. ತಮ್ಮ ವರದಿಯಲ್ಲಿ ‘ಸ್ಥಳೀಯ ಕೆಸು’ ಎಂದಿರುವ ಗೆಡ್ಡೆಯೇ ಬಾಬಾಯ್. ಸಿಹಿನೀರು ಸಿಗುವ ತನಕ ಅಗೆದು, ಎಲೆಗೊಬ್ಬರ ಹಾಕಿ, ಹತ್ತು ಹದಿನೈದು ವರ್ಷ ಮಗುವಿನಂತೆ ಸಾಕುವ ಗೆಡ್ಡೆ. ಉಪ್ಪು ತಗುಲಿದ ಮೂರನೇ ವಾರಕ್ಕೆ ಊರಿನ ಗುಂಡಿಗಳೆಲ್ಲ ಹಳದಿಯಾದವು. ಬಾವಿ ನೀರು ಬಾಯಿಗಿಡುವಂತಿರಲಿಲ್ಲ. ಹಲಸಿನಂಥ ಕಾಯಿ ಬಿಡುವ ನಮ್ಮ ಮರಗಳು ಮಿಡಿಗಳನ್ನೇ ಉದುರಿಸಿದವು. ಆಗ ತಮ್ಮ ಸಮೀಕ್ಷಕರು ಗುರುವಾರ ಬರುತ್ತಾರೆಂದು ರೇಡಿಯೋದಲ್ಲಿ ಹೇಳಿದರು.

ಊರ ಸಭೆಯ ಮಾಡಿನಡಿ ಹಿರಿಯರು ಸೇರಿದರು. ಸಮೀಕ್ಷಕರನ್ನು ವಿಮಾನದಿಂದ ಇಳಿಸಿ ನೇರ ಗುಂಡಿಗಳ ಬಳಿ ಕರೆದೊಯ್ಯೋಣ ಎಂದೆ. ಎಲ್ಲರಿಗಿಂತ ಹಿರಿಯರಾದ ಕೌಟು ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇನ್ನೊಬ್ಬರ ಗುಂಡಿ ಹತ್ರ ನಿಂತು ಎಣಿಸೋದು ಅಂದ್ರೇನೋ? ನಿಮ್ಮಪ್ಪ ಬದುಕಿರೋವರೆಗೂ ನಮ್ಮ ಗುಂಡಿ ಕಡೆ ಕತ್ತು ತಿರುಗಿಸಿದವನಲ್ಲ. ನೀನು ಊರವರ ಗುಂಡಿಗೆಲ್ಲ ಮೆರವಣಿಗೆ ಹೊರಡಿಸ್ತೀಯಾ?”

“ತೋರಿಸ್ದೆ ಇದ್ರೆ ಅವ್ರಿಗೆ ಹೆಂಗೆ ಗೊತ್ತಾಗುತ್ತೆ ಅಜ್ಜ?”

“ಕೇಳಿದ್ರೆ ಬಾಯಲ್ಲಿ ಹೇಳೋಣ. ಮೊದ್ಲು ಊಟ ಹಾಕೋಣ. ಅಷ್ಟು ದೂರದಿಂದ ಹಸ್ಕೊಂಡು ಬಂದಿರ್ತಾರೆ.”

ಹಸಿದವರು ಯಾರು ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದಕ್ಕಾಗಿ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ನಮ್ಮೂರಲ್ಲಿ ಮೂವತ್ತೊಂದು ಮನೆ. ಅತಿಥಿ ಬಂದರೆ ಮನೆಗೊಂದು ತಟ್ಟೆ ಬರಬೇಕು, ಯಾರ ತಟ್ಟೆಯೂ ಪಕ್ಕದ ಮನೆಯದಕ್ಕಿಂತ ಕಡಿಮೆ ಕಾಣಬಾರದು. ಬುಧವಾರವಿಡೀ ಗಂಡಸರು ಸಮುದ್ರದಲ್ಲಿದ್ದರು. ಹೆಂಗಸರು ಮೊಣಕಾಲುದ್ದ ನೀರಲ್ಲಿ ಚಿಪ್ಪು ಹೆಕ್ಕಿದರು. ಕಾಯಿಲೆಯವರಿಗೆಂದು ಎತ್ತಿಟ್ಟಿದ್ದ ತೆಂಗಿನ ಕಳ್ಳಿನ ಪಾಕ ಹೊರಬಂತು. ನನ್ನ ದೊಡ್ಡಮ್ಮ ನೇಯ್ ಟೆರೆಂಗಾ ಅವರ ಗುಂಡಿಯ ಎತ್ತರದ ಮೂಲೆಯಲ್ಲಿ, ಉಪ್ಪು ಮುಟ್ಟದೆ, ಒಂದೇ ಒಂದು ಬಾಬಾಯ್ ಉಳಿದಿತ್ತು. ಮೊಮ್ಮಗಳು ಟೆಬೋರಾ ಹುಟ್ಟಿದ ವರ್ಷ ಅವಳ ಮದುವೆಗೆಂದು ನೆಟ್ಟದ್ದು. ಹದಿನೆಂಟು ವರ್ಷದ ಗೆಡ್ಡೆ, ಎತ್ತಲು ಇಬ್ಬರು ಬೇಕು. ದೊಡ್ಡಮ್ಮ ಗುದ್ದಲಿ ಹಿಡಿದು ಹೊರಟಾಗ ನಾನು ಅಡ್ಡ ನಿಂತೆ.

“ಅದು ಮದುವೆಗೆ ಇಟ್ಟಿದ್ದಲ್ವಾ ದೊಡ್ಡಮ್ಮ?”

“ಮದುವೆಗೆ ಇನ್ನೂ ಗಂಡು ಸಿಕ್ಕಿಲ್ಲ. ಅತಿಥಿ ಸಿಕ್ಕಿದಾರಲ್ಲ. ಆಚೆ ಸರಿ ನೀನು.”

ಗುರುವಾರ ತಮ್ಮ ಸಮೀಕ್ಷಕರು ನಡುವೆ ಕೂತರು, ಸುತ್ತ ನಾವು ಕೂತೆವು. ಕೌಟು ಅಜ್ಜ ಎದ್ದುನಿಂತು, “ನಮ್ಮಲ್ಲಿ ತಿನ್ನೋಕೆ ಏನೂ ಇಲ್ಲ. ಇರೋದು ಇಷ್ಟೇ. ಮನ್ನಿಸ್ಬೇಕು” ಎಂದರು. ಹತ್ತು ಹಂದಿ ಕೊಯ್ದ ದಿನವೂ ನಮ್ಮಲ್ಲಿ ಹೀಗೇ ಹೇಳುವುದು, ಅದು ರೂಢಿ. ಸಮೀಕ್ಷಕರು ಕೈಪಿಡಿ ಓದಿಕೊಂಡು ಬಂದವರು, ಅವರಿಗೂ ಅದು ಗೊತ್ತಿತ್ತು. ಮುಗುಳ್ನಕ್ಕು ಬರೆದುಕೊಂಡರು. ವರದಿಯ ಮೂರನೇ ಪುಟದಲ್ಲಿ ಅದು ‘ದ್ವೀಪವಾಸಿಗಳ ಸಾಂಪ್ರದಾಯಿಕ ವಿನಯ’ ಎಂದು ದಾಖಲಾಗಿದೆ. ಎಪ್ಪತ್ತು ವರ್ಷ ಆ ಮಾತನ್ನು ಸುಳ್ಳುಸುಳ್ಳೇ ಹೇಳಿದ ಅಜ್ಜ, ನಿಜ ಹೇಳಿದ್ದು ಅದೊಂದೇ ಸಲ. ಗುಂಡಿ ನೋಡಬಹುದೇ ಎಂದು ಸಮೀಕ್ಷಕರು ಕೇಳಿದ್ದೂ ಉಂಟು. ಹಿರಿಯರು “ಮುಂದಿನ ಸಲ” ಎಂದರು. ವಿಮಾನ ಕಾಯುತ್ತಿತ್ತು, ಅವರಿಗೂ ಅದೇ ಬೇಕಿತ್ತು. ಬಾಬಾಯ್‌ನ ಫೋಟೋ ತೆಗೆದುಕೊಂಡು, ಒಂದು ತುಂಡು ಬಾಯಿಗಿಟ್ಟು ಹೊರಟರು. ಉಳಿದದ್ದನ್ನು ನಾವು ತಿಂದೆವು. ಮಾರನೆಯ ದಿನದಿಂದ ಸಿಕ್ಕರೆ ಮೀನು, ಇಲ್ಲದಿದ್ದರೆ ಎಳನೀರೇ ಊಟವಾಯಿತು.

‘ಆಹಾರ ಲಭ್ಯತೆ ತೃಪ್ತಿಕರ. ವೈವಿಧ್ಯ ಗಮನಾರ್ಹ. ನೆರವು ಅನಗತ್ಯ.’ ಇದು ನಮ್ಮ ಬಗ್ಗೆ. ಅದೇ ವಾರ ಉತ್ತರದ ದ್ವೀಪದ ಹವಳದಂಡೆಯ ಬಳಿ ಅಲೆ ಜೋರಿದ್ದು, ಸಮೀಕ್ಷಕರ ದೋಣಿ ದಡ ಸೇರಲಿಲ್ಲ. ಆ ದ್ವೀಪದ ಬಗ್ಗೆ ಬರೆದದ್ದು: ‘ತಲುಪಲಾಗಲಿಲ್ಲ. ತೀವ್ರ ಬಾಧಿತವೆಂದು ಭಾವಿಸಲಾಗಿದೆ.’ ಅಲ್ಲಿಯ ಗುಂಡಿಗಳಿಗೆ ಒಂದು ಹನಿ ಉಪ್ಪುನೀರು ಹೋಗಿರಲಿಲ್ಲ. ಯಾವುದೋ ದೇಶ ಬೆಳೆದ, ಇನ್ನಾವುದೋ ದೇಶ ಕೊಂಡ, ಮತ್ತಾವುದೋ ದೇಶದ ಹಡಗು ಹೊತ್ತ ಇನ್ನೂರು ಚೀಲ ಅಕ್ಕಿ ನಮ್ಮ ಕಣ್ಣೆದುರೇ ನಮ್ಮ ದಡ ದಾಟಿ ಉತ್ತರಕ್ಕೆ ಹೋಯಿತು. ಹಡಗು ಬಂತೆಂದು ಓಡಿ ಬಂದಿದ್ದ ಹೆಂಗಸರು ಅದು ಮರೆಯಾಗುವವರೆಗೂ ದಡದಲ್ಲೇ ನಿಂತಿದ್ದರು. ಹೀಗೆಂದರೆ ತಪ್ಪಾದೀತು, ಆದರೂ ಕೇಳುತ್ತೇನೆ: ತಾವು ಭೇಟಿ ಕೊಡದ ಊರಿಗೆ ಅಕ್ಕಿ, ಭೇಟಿ ಕೊಟ್ಟ ಊರಿಗೆ ಉಪವಾಸ ಎಂದಾದರೆ, ತಮ್ಮ ಭೇಟಿಯನ್ನೂ ಪ್ರಕೃತಿ ವಿಕೋಪಗಳ ಪಟ್ಟಿಗೆ ಸೇರಿಸಬಾರದೇಕೆ?

ಮರುದಿನವೇ ದೋಣಿ ಹತ್ತಿ ಉತ್ತರಕ್ಕೆ ಹೋದೆ. ನನ್ನ ಹೆಂಡತಿಯ ತಮ್ಮ ಬರನಿಕೋ ಅಲ್ಲಿಯ ಅಕ್ಕಿ ಹಂಚಿಕೆ ನೋಡಿಕೊಳ್ಳುವವನು. ನನ್ನನ್ನು ಕಂಡವನೇ ಶುರುಮಾಡಿದ.

“ಏನ್ ಭಾವ, ನಿಮ್ಮೂರಲ್ಲಿ ಮೂವತ್ತೊಂದು ತಟ್ಟೆ ಊಟವಂತೆ. ನಮಗೂ ಒಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ?”

“ಅದನ್ನೇ ಹೇಳೋಕೆ ಬಂದೆ. ಬುಬುಟಿ ಕೇಳ್ತಿದೀನಿ ಬರನಿಕೋ. ಅಕ್ಕಿ ಬೇಕು.”

ಅವನ ನಗು ನಿಂತಿತು. “ಅಕ್ಕ ಉಂಡಿದಾಳಾ?” ಎಂದ. ಉತ್ತರಕ್ಕೂ ಕಾಯದೆ ಎದ್ದು ಚೀಲ ಹೊರತೊಡಗಿದ.

ಬುಬುಟಿ ಎಂದರೆ ಬಂಧುವಿನ ಮುಂದೆ ಬಾಯಿಬಿಟ್ಟು ಕೇಳುವುದು. ಕೇಳಿದ ಮೇಲೆ ಅವನು ಇಲ್ಲ ಎನ್ನುವಂತಿಲ್ಲ, ನಾಳೆ ಅವನು ಕೇಳಿದರೆ ನಾನೂ ಇಲ್ಲ ಎನ್ನುವಂತಿಲ್ಲ. ಅಂತರರಾಷ್ಟ್ರೀಯ ನೆರವೆಂಬುದೂ ಹೆಚ್ಚುಕಡಿಮೆ ಇದೇ ಎಂದು ನಾನು ತಿಳಿದಿದ್ದೆ. ನಮ್ಮಲ್ಲಿ ಕೇಳಿದವನ ಮನೆಗೆ ಮೊದಲು ಊಟಕ್ಕೆ ಹೋಗಿ ಅವನ ಬಡತನ ಪರೀಕ್ಷಿಸುವ ಕ್ರಮ ಮಾತ್ರ ಇಲ್ಲ. ಇನ್ನು, ಅಕ್ಕಿ ಹಿಂದಿರುಗಿಸುವ ವಿಚಾರ. ಬಹುಪಾಲು ತಿಂದಾಗಿದೆ. ಚೀಲಗಳಿವೆ, ತೊಳೆದು ಒಣಗಿಸಿದ್ದೇವೆ, ಬೇಕಾದರೆ ಕಳಿಸುತ್ತೇವೆ. ಅವುಗಳ ಮೇಲೆ ‘ಮಾರಾಟಕ್ಕಲ್ಲ’ ಎಂದು ಅಚ್ಚಾಗಿದೆ. ಬರನಿಕೋ ಮಾರಿಲ್ಲ. ಅಕ್ಕನ ಊರಿಗೆ ಕೊಡಬಾರದೆಂದು ಯಾವ ಚೀಲದ ಮೇಲೂ ಅಚ್ಚಾಗಿಲ್ಲ.

ವರದಿಯನ್ನು ಓದಿ ಹೇಳೆಂದು ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡರು. ತಟ್ಟೆಗಳ ಪಟ್ಟಿಯಿರುವ ಪುಟವನ್ನಷ್ಟೇ ಓದಿದೆ.

“ನನ್ನ ಬಾಬಾಯೂ ಬರ್ದಿದಾರಾ?”

“ಮೊದಲ್ನೇ ಸಾಲಲ್ಲೇ ಇದೆ ದೊಡ್ಡಮ್ಮ.”

“ಪಾಪ, ನೆನಪಿಟ್ಕೊಂಡಿದಾರೆ” ಎಂದು ಅವರು ಖುಷಿಪಟ್ಟರು. ಅಗೆದ ಬಾಬಾಯ್‌ನ ತಲೆಭಾಗವನ್ನು ಮತ್ತೆ ಅದೇ ಗುಂಡಿಯಲ್ಲಿ ನೆಟ್ಟಿದ್ದರು. ಅದು ಚಿಗುರಿ, ಮೂರನೇ ಎಲೆಗೆ ಹಳದಿಯಾಯಿತು. ವರದಿಯ ಆ ಮೊದಲ ಸಾಲಿನಿಂದಾಗಿಯೇ ಅಕ್ಕಿ ತಪ್ಪಿತೆಂದು ಅವರಿಗೆ ನಾನು ಹೇಳಿಲ್ಲ. ಹೇಳುವ ಧೈರ್ಯ ತಮಗಿದ್ದರೆ ಬಂದು ಹೇಳಬಹುದು.

ನಾವು ಕೇಳುವುದಿಷ್ಟು. ಉತ್ತರದವರನ್ನು ಮುಟ್ಟಬೇಡಿ, ಅವರು ಕೊಟ್ಟದ್ದು ನಾನು ಕೇಳಿದ್ದರಿಂದ. ನಮ್ಮ ಹೆಸರನ್ನು ಪಟ್ಟಿಗೆ ಸೇರಿಸಿ. ಮತ್ತೊಮ್ಮೆ ಪರಿಶೀಲಿಸದೆ ಸೇರಿಸಲಾಗದು ಎಂದಾದರೆ ಸಮೀಕ್ಷಕರನ್ನು ಕಳಿಸಿ, ಈ ಸಲ ಗುಂಡಿಗಳನ್ನು ನಾನೇ ತೋರಿಸುತ್ತೇನೆ, ಅಜ್ಜ ಏನು ಬೇಕಾದರೂ ಅನ್ನಲಿ. ಆದರೆ ಬರುವ ದಿನವನ್ನು ರೇಡಿಯೋದಲ್ಲಿ ಹೇಳಿಸಬೇಡಿ, ನನಗೂ ತಿಳಿಸಬೇಡಿ. ಮರುಪರಿಶೀಲನೆಗೆ ಪತ್ರ ಬರೆಯುತ್ತಿದ್ದೇನೆ ಎಂದದ್ದಕ್ಕೇ ದೊಡ್ಡಮ್ಮ “ಯಾವತ್ತು ಬರ್ತಾರಂತೆ?” ಎಂದು ನಿನ್ನೆಯಿಂದ ಮೂರು ಸಲ ಕೇಳಿದ್ದಾರೆ. ಅವರ ಹತ್ತಿರ ಇನ್ನೂ ಒಂದು ಕೋಳಿ ಇದೆ.

ಇಂತಿ,
ತಮ್ಮ ವರದಿಯ ಪ್ರಕಾರ ಹೊಟ್ಟೆ ತುಂಬಿರುವ,
ಟೆಕಿನೈಟಿ
ಗುಮಾಸ್ತ, ತೃಪ್ತಿಕರ ದ್ವೀಪ